ಸದ್ಯಕ್ಕೆ ಇರಲಿ

ನಮ್ಮ ಮನೆಯ ಮಾಡಿನ ಮೇಲೆ ಒಂದು ನೀಲಿ ಟಾರ್ಪಾಲು ಇದೆ. 2019ರ ಮಳೆಗಾಲದಲ್ಲಿ "ಸದ್ಯಕ್ಕೆ ಇರಲಿ" ಅಂತ ಹಾಕಿದ್ದು. ಆಮೇಲೆ ಮಗಳ ಮದುವೆ ಆಯಿತು. ನಾಯಿ ಎರಡು ಸಲ ಮರಿ ಹಾಕಿತು. ಗೇಟಿಗೆ ಮೂರು ಸಲ ಬಣ್ಣ ಬಳಿದೆವು. ಟಾರ್ಪಾಲು ಮಾತ್ರ ಇನ್ನೂ ಸದ್ಯಕ್ಕೇ ಇದೆ. ನೀಲಿ ಅಂದದ್ದು ಹಳೇ ಅಭ್ಯಾಸ. ಬಿಸಿಲಿಗೆ ಅದು ಬೆಳ್ಳಗಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅದರ ಮೇಲೆ ಇನ್ನೊಂದು ಹಾಕಿದ್ದೇವೆ. ಸದ್ಯಕ್ಕೆ.

ಮಡಿಕೇರಿಯ ಕಡೆ ಮನೆ ಇರುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ನಮ್ಮ ಮನೆಯ ಪಾತ್ರೆಗಳೆಲ್ಲ ಅಡುಗೆಮನೆ ಬಿಟ್ಟು ಮಂಚದ ಸುತ್ತ ಬಂದು ಕೂರುತ್ತವೆ. ಯಾವ ತೊಟ್ಟಿನ ಕೆಳಗೆ ಯಾವ ಪಾತ್ರೆ ಅನ್ನುವುದು ಹೆಂಡತಿಗೆ ಬಾಯಿಪಾಠ. ಕಿಟಕಿಯ ಹತ್ತಿರ ಸ್ಟೀಲ್ ಬಕೆಟ್, ದೇವರ ಫೋಟೋದ ಕೆಳಗೆ ತಾಮ್ರದ ಚೊಂಬು. ನನ್ನ ತಲೆದಿಂಬಿನ ಪಕ್ಕ ಇಡ್ಲಿ ಪಾತ್ರೆ.

ನಿಜ ಹೇಳಬೇಕೆಂದರೆ ಒಡೆದದ್ದು ಒಂದೇ ಹಂಚು. ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಸುಡಲು ಶುರು ಮಾಡಿದ ಜಾತಿಯದು. ಒಂದರ ತುಟಿ ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಮೊಳೆ ಬೇಡ, ಗಾರೆ ಬೇಡ. ಒಡೆದರೆ ಮೇಲಿನ ಹಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಎಳೆದು, ಹೊಸದನ್ನು ತೂರಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಆದರೆ ಅದೇ ಅಚ್ಚಿನ ಹಂಚು ಬೇಕು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಅತ್ತೆ ಮನೆಗೆ ಬಂದ ಹೊಸ ಅಳಿಯನ ಹಾಗೆ ತುದಿಯಲ್ಲೇ ಇರುತ್ತದೆ.

ಹಂಚು ಹುಡುಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಹಂಚು ಉಂಟಾ?"

"ಹಂಚು ಈಗ ಯಾರು ಕೇಳ್ತಾರೆ ಮಾರಾಯ್ರೇ? ಎಂ-ಸೀಲ್ ಉಂಟು, ಸಿಲಿಕಾನ್ ಉಂಟು, ಟಾರ್ಪಾಲು ಉಂಟು. ಎಂತ ಕೊಡ್ಲಿ?"

"ಹಂಚು ಒಡೆದಿದ್ದಲ್ವಾ ನಮ್ಮದು."

"ಹಾಗಾದ್ರೆ ಮೂರೂ ತಗೊಳ್ಳಿ."

ತಗೊಂಡೆ. ಎಂ-ಸೀಲಿನಲ್ಲಿ ಎರಡು ಬಣ್ಣದ ಎರಡು ತುಂಡು ಇರುತ್ತವೆ. ಎರಡನ್ನೂ ಸಮ ಸಮ ತೆಗೆದು, ಒಂದೇ ಬಣ್ಣ ಬರುವ ತನಕ ನಾದಬೇಕು. ಹಚ್ಚುವ ಜಾಗ ಒಣಗಿರಬೇಕು. ಇಷ್ಟನ್ನು ಓದಿ ತಿಳಿದುಕೊಂಡೇ ನಾನು ಸುರಿಯುವ ಮಳೆಯಲ್ಲಿ ಏಣಿ ಹತ್ತಿದೆ. ಕೆಳಗಿನಿಂದ ಹೆಂಡತಿ ಉದ್ದನೆಯ ಕೋಲಿಗೆ ಕೊಡೆ ಕಟ್ಟಿ ಹಿಡಿದಿದ್ದಳು. ಹಂಚಿನ ಮೇಲೆ ಬೆರಳು ದಪ್ಪ ಪಾಚಿ. ಪಾಚಿಯ ಮೇಲೆ ಎಂ-ಸೀಲ್ ಒತ್ತಿದೆ. ಬೆಳಿಗ್ಗೆ ನೋಡಿದರೆ ಎಂ-ಸೀಲ್ ಕಲ್ಲಿನಷ್ಟು ಗಟ್ಟಿಯಾಗಿ ಅಂಗಳದಲ್ಲಿ ಬಿದ್ದಿತ್ತು. ಪಾಚಿಗೆ ಭದ್ರವಾಗಿ ಅಂಟಿಕೊಂಡಿತ್ತು, ಅದರಲ್ಲಿ ಎರಡು ಮಾತಿಲ್ಲ. ಪಾಚಿ ಹಂಚನ್ನು ಬಿಟ್ಟಿತ್ತು, ಅಷ್ಟೇ. ಏಣಿ ಇಳಿಯುವಾಗ ನಾನು ಇನ್ನೆರಡು ಹಂಚು ಒಡೆದಿದ್ದು ಬೇರೆ ವಿಷಯ. ಟಾರ್ಪಾಲು ಬಂದದ್ದು ಆ ದಿನವೇ.

ಈ ವಿದ್ಯೆ ನಮ್ಮ ಮನೆಗೆ ಮಾತ್ರ ಮೀಸಲಲ್ಲ. ನಮ್ಮ ಭಾವನ ಮನೆಯಲ್ಲಿ ಪದೇ ಪದೇ ಫ್ಯೂಸ್ ಹೋಗುತ್ತಿತ್ತು. ಭಾವ ಬುದ್ಧಿವಂತರು. ಫ್ಯೂಸ್ ತಂತಿಯ ಜಾಗಕ್ಕೆ ಬೇಲಿ ಕಟ್ಟುವ ಬೈಂಡಿಂಗ್ ತಂತಿ ಸುತ್ತಿದರು. ಆಮೇಲೆ ಫ್ಯೂಸ್ ಹೋಗಲೇ ಇಲ್ಲ. ಫ್ರಿಜ್ಜು ಹೋಯಿತು. ಪಕ್ಕದ ಮನೆಯವರ ನಲ್ಲಿಯ ಪೈಪಿಗೆ ಹಳೇ ಸೈಕಲ್ ಟ್ಯೂಬು ಎಷ್ಟು ಸುತ್ತಿದೆ ಅಂದರೆ ಪೈಪು ತೆಗೆದರೂ ನೀರು ಬಂದೀತು. ಟೆಫ್ಲಾನ್ ಟೇಪನ್ನು ಪೈಪಿನ ತುದಿಯ ತಿರುಪಿಗೆ ಸುತ್ತಬೇಕು, ತೂತಿನ ಮೇಲೆ ಬ್ಯಾಂಡೇಜಿನ ಹಾಗೆ ಸುತ್ತುವುದಲ್ಲ ಅಂತ ಒಮ್ಮೆ ಹೇಳಿ ನೋಡಿದೆ. "ನಿಮ್ಮ ಮಾಡು ಹೇಗುಂಟು?" ಅಂತ ಕೇಳಿದರು. ಸುಮ್ಮನೆ ಬಂದೆ.

ನನಗೆ ಜಾಸ್ತಿ ಸೋಜಿಗ ಅನ್ನಿಸುವುದು ಮಾತ್ರ ತಾರಸಿ. ಅಜ್ಜಂದಿರು ಇಲ್ಲಿ ಇಳಿಜಾರು ಮಾಡು ಕಟ್ಟಿದ್ದು ಚಂದಕ್ಕಲ್ಲ. ನೀರು ಬಿದ್ದ ಕೂಡಲೇ ಓಡಬೇಕು, ನಿಂತು ಯೋಚನೆ ಮಾಡಬಾರದು ಅಂತ. ನಮ್ಮ ಕಾಲಕ್ಕೆ ಅದು ಹಳ್ಳಿಯವರ ಮನೆಯ ಹಾಗೆ ಕಾಣಿಸಿತು. ಹೊಸ ಮನೆ ಕಟ್ಟುವ ಊರಿನವರೆಲ್ಲ ಬೆಂಗಳೂರಿನಿಂದ ನಕ್ಷೆ ತರಿಸಿದೆವು. ಅಲ್ಲಿ ಬೀಳುವ ಮಳೆ ಇಲ್ಲಿಯದರ ಮೂರನೇ ಒಂದು ಪಾಲೂ ಇರಲಿಕ್ಕಿಲ್ಲ. ಆ ನಕ್ಷೆಯ ಪ್ರಕಾರ ಚಪ್ಪಟೆ ತಾರಸಿ ಹಾಕಿದೆವು. ಮೊದಲ ಮಳೆಗಾಲಕ್ಕೆ ಅದು ಕೆರೆ, ಎರಡನೆಯದಕ್ಕೆ ಶವರ್. ಮೂರನೇ ವರ್ಷ ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದಿಸಿದೆವು. ಅಂದರೆ ಛಾವಣಿಗೆ ಒಂದು ಛಾವಣಿ. ಈಗ ಊರಲ್ಲಿ ಯಾವ ಕಡೆ ನೋಡಿದರೂ ಕಾಂಕ್ರೀಟ್ ಮನೆಗಳು ತಲೆಯ ಮೇಲೆ ಗೊರಬೆ, ಅದೇ ಮಳೆಗೆ ಹೊದೆಯುವ ಓಲೆಯ ಕೊಪ್ಪೆ, ಹಾಕಿಕೊಂಡು ನಿಂತ ಹಾಗೆ ಕಾಣುತ್ತವೆ. ಶೀಟು ಹೊದಿಸಿದ ಹುಡುಗರು ಸ್ಕ್ರೂಗಳನ್ನು ಅಲೆಯ ಏರಿಗೆ ಹಾಕುವ ಬದಲು ತಗ್ಗಿಗೆ ಹಾಕಿರುತ್ತಾರೆ, ಕೂರಿಸೋಕೆ ಸುಲಭ ಅಂತ. ನೀರು ಹರಿಯುವುದೂ ಅದೇ ತಗ್ಗಿನಲ್ಲಿ. ಹಾಗಾಗಿ ಶೀಟಿನ ಮೇಲೆ ಟಾರ್ಪಾಲು.

ಗೋಡೆಯದು ಇನ್ನೊಂದು ಕಥೆ. ನಮ್ಮದು ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ಒಂದು ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಮೇಸ್ತ್ರಿ ಬಂದು "ಸಾರ್, ಸಿಮೆಂಟ್ ಹೊಡೆದು ಬಿಡ್ತೇನೆ, ಕಲ್ಲಾಗ್ತದೆ" ಅಂದ. ಹೊಡೆದ. ಕಲ್ಲಾಯಿತು. ಮಣ್ಣಿನ ಗೋಡೆ ಉಸಿರಾಡಿಕೊಂಡು ಇರುವಂಥದ್ದು. ಒಳಗೆ ಸೇರಿದ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತದೆ. ಸಿಮೆಂಟು ಅದರ ಬಾಯಿ ಮುಚ್ಚಿತು. ಎರಡು ವರ್ಷಕ್ಕೆ ತೇವವೆಲ್ಲ ಒಳಗೇ ಕೂತು, ಸಿಮೆಂಟಿನ ಹಲಗೆ ಹಾಗೇ ಇದ್ದು, ಹಿಂದಿನ ಗೋಡೆ ಅವಲಕ್ಕಿಯಾಯಿತು. ಇದೇ ಊರಿನ ಕೋಟೆಯೊಳಗೆ ಅರಮನೆಯ ಮುಂದೆ ರಾಜರ ಕಾಲದ ಎರಡು ಗಾರೆ ಆನೆಗಳು ನಿಂತಿವೆ. ಇನ್ನೂರು ವರ್ಷದ ಮಳೆ ನೋಡಿಯೂ ಸೊಂಡಿಲು ಬಿದ್ದಿಲ್ಲ. ಅವುಗಳ ಎದುರು ನಿಂತಾಗ ನನಗೆ ನಮ್ಮ ಮೇಸ್ತ್ರಿಯ ನೆನಪಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಸರ್ಕಾರವನ್ನು ಬೈಯುವ ಮುಖ ನನಗೆಲ್ಲಿದೆ? ಸರ್ಕಾರ ಅಂದರೆ ಇನ್ಯಾರು, ನಾವೇ ಅಲ್ವಾ, ಸ್ವಲ್ಪ ದೊಡ್ಡ ಏಣಿ ಇಟ್ಟುಕೊಂಡು. ರಸ್ತೆಯ ಹೊಂಡ ಮುಚ್ಚಲು ಬೇಸಿಗೆಯಲ್ಲಿ ಬಿಡುವಿರುವುದಿಲ್ಲ. ಜುಲೈಯಲ್ಲಿ ಪುರುಸೊತ್ತಾಗುತ್ತದೆ. ಟಾರಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದ್ದರಿಂದ ಮಳೆಯಲ್ಲಿ ಟಾರ್ ಹಾಕುವುದಿಲ್ಲ, ಅಷ್ಟು ತಿಳುವಳಿಕೆ ಉಂಟು. ಜಲ್ಲಿ ಮತ್ತು ಕ್ರಷರ್ ಪುಡಿ ಸುರಿದು, ಹಾರೆಯ ಹಿಂಬದಿಯಿಂದ ಎರಡು ಸಲ ತಟ್ಟಿ ಹೋಗುತ್ತಾರೆ. ಸಂಜೆಯ ಮಳೆಗೆ ಪುಡಿ ಚರಂಡಿಗೆ, ಜಲ್ಲಿ ಬೈಕಿನವರ ಚಕ್ರಕ್ಕೆ. ಹೊಂಡ ಅಲ್ಲೇ ಇರುತ್ತದೆ, ಮುಂದಿನ ಬಿಲ್ಲಿಗೆ ಬೇಕಲ್ಲ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅದು ನಗುವ ವಿಷಯ ಅಲ್ಲ. ನಗು ಬರುವುದು ಆಮೇಲಿನದಕ್ಕೆ. ಗುಡ್ಡದ ಬುಡ ಕಡಿದು ರಸ್ತೆ, ರೆಸಾರ್ಟು, ಸೈಟು ಮಾಡಿ, ಮಣ್ಣು ಜಾರತೊಡಗಿದ ಮೇಲೆ ಗುಡ್ಡಕ್ಕೇ ಪ್ಲಾಸ್ಟಿಕ್ ಹೊದಿಸುತ್ತೇವೆ. ನೀರು ಒಳಗೆ ಇಳಿಯದ ಹಾಗೆ ಒಂದೆರಡು ವಾರ ಕಾಯಲು ಅದು ಒಳ್ಳೆಯ ಉಪಾಯವೇ. ಆದರೆ ನಮ್ಮಲ್ಲಿ ಒಂದೆರಡು ವಾರಕ್ಕೆ ಎಷ್ಟು ವರ್ಷ ಅಂತ ನಿಮಗೆ ಈಗ ಗೊತ್ತಾಗಿರಬೇಕು. ಲಾವಂಚದ ಹುಲ್ಲು ನೆಟ್ಟಿದ್ದರೆ ಅದರ ಬೇರು ಇಷ್ಟು ಹೊತ್ತಿಗೆ ಆಳಕ್ಕೆ ಇಳಿದು ಮಣ್ಣನ್ನು ಹಿಡಿದುಕೊಳ್ಳುತ್ತಿತ್ತು. ಹುಲ್ಲು ನೆಟ್ಟರೆ ಉದ್ಘಾಟನೆ ಮಾಡುವುದು ಹೇಗೆ, ಅದೂ ಒಂದು ಕಷ್ಟ.

ತಡೆಗೋಡೆ ಕಟ್ಟಿದರೆ ಅದಕ್ಕೆ ತೂತು ಬಿಡುತ್ತಾರೆ, ಹಿಂದೆ ತುಂಬಿದ ನೀರು ಹೊರಗೆ ಬರಲಿ ಅಂತ. ಒಂದು ಕಡೆ ಆ ತೂತುಗಳಿಗೆ ಸಿಮೆಂಟು ಮೆತ್ತುತ್ತಿದ್ದರು. ಎಂತಕ್ಕೆ ಅಂತ ಕೇಳಿದೆ. "ಗೋಡೆ ಸೋರ್ತಾ ಉಂಟು ಅಂತ ಕಂಪ್ಲೇಂಟ್ ಬಂದಿತ್ತು ಸಾರ್." ಮುಂದಿನ ಮಳೆಗೆ ಗೋಡೆ ಏಳು ತಿಂಗಳ ಬಸುರಿಯ ಹಾಗೆ ಮುಂದೆ ಬಂತು. ಅದಕ್ಕೆ ಮರಳಿನ ಚೀಲ ಒರಗಿಸಿದ್ದಾರೆ. ಚೀಲಗಳ ಮೇಲೆ ಟಾರ್ಪಾಲು.

ಹಾಗಂತ ಗಟ್ಟಿ ಸಾಮಾನು ನಮ್ಮ ಜಿಲ್ಲೆಗೆ ಬರುವುದೇ ಇಲ್ಲ ಅನ್ನಬೇಡಿ. ರೈಲೇ ಬಾರದ ಕೊಡಗಿಗೆ ರೈಲ್ವೆ ಹಳಿ ಬಂದಿದೆ. ಕಾಡಿನ ಅಂಚಿನಲ್ಲಿ ಆನೆ ದಾಟದ ಹಾಗೆ ಬೇಲಿ ಮಾಡಿದ್ದಾರೆ. ನಿಜಕ್ಕೂ ಭದ್ರ. ಮನುಷ್ಯರ ಮಾಡಿಗೆ ಸಿಗದ ಉಕ್ಕು ಆನೆಯ ದಾರಿಗೆ ಸಿಕ್ಕಿದೆ. ಬೇಲಿ ಮುಗಿಯುವ ಕಡೆಯಿಂದ ಆನೆ ಸುತ್ತಿ ಬರುತ್ತದೆ ಅನ್ನುವುದು ಆನೆಯ ಜಾಣತನ, ಹಳಿಯ ತಪ್ಪಲ್ಲ.

ಹೋದ ವಾರ ಕೊನೆಗೂ ನನ್ನ ಹಂಚು ಸಿಕ್ಕಿತು. ಹಳೇ ಮನೆಯೊಂದನ್ನು ಕೆಡವುತ್ತಿದ್ದರು. ಹೋಗಿ ಒಂದೊಂದೇ ತಿರುಗಿಸಿ ಹಿಂದಿನ ಅಚ್ಚು ಓದಿದೆ. ನಮ್ಮದೇ ಕಾರ್ಖಾನೆಯದು. ಹನ್ನೆರಡು ಹಂಚು ಆರಿಸಿ, ಜೀಪಿನಲ್ಲಿ ಹುಲ್ಲು ಹಾಸಿ, ಮೊಟ್ಟೆ ತಂದ ಹಾಗೆ ತಂದೆ. ಮಳೆ ಒಂದು ದಿನ ಬಿಡಲಿ, ಹತ್ತಿ ಹಾಕುತ್ತೇನೆ ಅಂತ ಕಾಯುತ್ತಿದ್ದೆ.

ಮಳೆ ಬಿಡಲಿಲ್ಲ, ಗಾಳಿ ಬಂತು. ರಾತ್ರಿ ಎರಡು ಗಂಟೆಗೆ ಮಾಡಿನ ಮೇಲೆ ದಢ್ ಅಂತ ಸದ್ದು. ಆನೆಯೇ ಬಿತ್ತು ಅಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಮನೆ ಹಿಂದಿನ ಗುಡ್ಡಕ್ಕೆ ಸರ್ಕಾರ ಹೊದಿಸಿದ್ದ ಟಾರ್ಪಾಲು ಅನಾಮತ್ತಾಗಿ ಹಾರಿ ಬಂದು ನಮ್ಮ ಮಾಡಿನ ಮೇಲೆ ಮಲಗಿತ್ತು. ಮಧ್ಯದ ಒಂದು ಸುಕ್ಕು ಬಿಟ್ಟರೆ ನಾಲ್ಕು ಮೂಲೆಯೂ ಅಳತೆ ತೆಗೆದ ಹಾಗೆ ಕೂತಿತ್ತು. ಹೊಸ ಮಾಲು, ಒಳ್ಳೆ ದಪ್ಪ. ಇಡ್ಲಿ ಪಾತ್ರೆಯಲ್ಲಿ ಒಂದು ತೊಟ್ಟು ನೀರಿರಲಿಲ್ಲ.

ಗುಡ್ಡ ಬೋಳಾಗಿ ನಿಂತಿತ್ತಲ್ಲ, ಭಯ ಆಯಿತು. ಸಂಬಂಧಪಟ್ಟವರಿಗೆ ಫೋನು ಮಾಡಿದೆ. "ಸಾರ್, ನಿಮ್ಮ ಟಾರ್ಪಾಲು ನಮ್ಮ ಮನೆ ಮೇಲೆ ಉಂಟು, ಬಂದು ತಗೊಂಡು ಹೋಗಿ ಗುಡ್ಡಕ್ಕೆ ಹಾಕಿ."

ಆ ಕಡೆಯಿಂದ ಕಾಗದ ಮಗುಚುವ ಸದ್ದು ಕೇಳಿಸಿತು. ಆಮೇಲೆ ತುಂಬಾ ಪ್ರೀತಿಯಿಂದ ಹೇಳಿದರು. "ಈಗ ಹುಡುಗರಿಲ್ಲ ಮಾರಾಯ್ರೇ. ಸದ್ಯಕ್ಕೆ ಅಲ್ಲೇ ಇರಲಿ."