ಐದು ತೆರೆ, ಒಂದು ಎಕ್ಸೆಲ್ ಶೀಟು

ಇದಕ್ಕೆಲ್ಲ ಕಾರಣ ಒಂದು ಜಿಗ್ಸಾ ಪಜಲ್. ಮಗಳ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟಿದ್ದು, ಸಾವಿರ ತುಂಡು, ಬಂಡೆ ಮೇಲೆ ಗುಲಾಬಿ ಹಳದಿ ಕೇಸರಿ ಬಣ್ಣದ ಮನೆಗಳು ಒಂದರ ಹೆಗಲ ಮೇಲೆ ಒಂದು ಹತ್ತಿ ಕೂತಿರೋ ಊರು, ಕೆಳಗಡೆ ನೀಲಿ ಸಮುದ್ರ. ಮಗಳು ನಾಲ್ಕು ಮನೆ ಜೋಡಿಸಿ ಕೈಬಿಟ್ಳು. ಉಳಿದಿದ್ದನ್ನ ನಾನೂ ನಮ್ಮನೆಯವ್ರೂ ಸೇರಿ ಒಂದೂವರೆ ತಿಂಗಳು ಡೈನಿಂಗ್ ಟೇಬಲ್ ಮೇಲೆ ಜೋಡಿಸಿದ್ವಿ, ಅಷ್ಟು ದಿನ ಮನೆಮಂದಿಗೆಲ್ಲ ನೆಲದ ಮೇಲೆ ಊಟ, ಅತ್ತೆ ಮಾತ್ರ ಇದೇ ಸರಿಯಾದ ಕ್ರಮ ಅಂತ ಖುಷಿಯಾಗಿದ್ರು. ಕೊನೆಗೆ ನೋಡಿದ್ರೆ ಸಮುದ್ರದ ಮಧ್ಯೆ ಒಂದೇ ಒಂದು ತುಂಡು ಇಲ್ಲ. ಸೋಫಾ ಎತ್ತಿದ್ವಿ, ವ್ಯಾಕ್ಯೂಮ್ ಕ್ಲೀನರ್ ಹೊಟ್ಟೆ ಬಗೆದ್ವಿ, ಸಿಗ್ಲಿಲ್ಲ. ಡಬ್ಬದ ಮೇಲೆ ಊರಿನ ಹೆಸರಿತ್ತು, ಮನರೋಲಾ, ಇಟಲಿ. ನಮ್ಮನೆಯವ್ರು ಆ ತೂತನ್ನೇ ನೋಡ್ತಾ "ಅಲ್ಲಿಗೇ ಹೋಗಿ ಆ ಜಾಗದಲ್ಲಿ ಏನಿದೆ ಅಂತ ನೋಡ್ಕೊಂಡು ಬಂದುಬಿಡೋಣ್ವಾ" ಅಂದ್ರು. ನಾನು ತಮಾಷೆ ಅಂದ್ಕೊಂಡೆ. ಬೆಳಗ್ಗೆ ಎದ್ದು ನೋಡಿದ್ರೆ ಎಕ್ಸೆಲ್ ಶೀಟ್ ರೆಡಿ, ಆರು ಟ್ಯಾಬು, ಪ್ರತಿ ಟ್ಯಾಬಿಗೂ ಒಂದೊಂದು ಬಣ್ಣ.

ಮನರೋಲಾ ಒಂದೇ ಊರಲ್ಲ. ಇಟಲಿಯ ವಾಯವ್ಯದಲ್ಲಿ ಲಿಗೂರಿಯಾ ಅಂತ ಕರಾವಳಿ ಪ್ರಾಂತ್ಯ, ಅಲ್ಲಿ ಸಮುದ್ರದಂಚಿನ ಕಡಿದಾದ ಗುಡ್ಡಕ್ಕೆ ಅಂಟಿಕೊಂಡು ಐದು ಹಳ್ಳಿ ಇವೆ: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ. ಒಟ್ಟಿಗೆ ಚಿಂಕ್ವೆ ತೆರ್ರೆ. 1997ರಲ್ಲಿ ಯುನೆಸ್ಕೋದವ್ರು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದಾರೆ. ನಮ್ಮನೇಲಿ ಈ ಹೆಸರನ್ನ ಒಬ್ಬೊಬ್ರು ಒಂದೊಂದು ಥರ ಹೇಳ್ತಿದ್ರು. ನಮ್ಮನೆಯವ್ರು "ಸಿಂಕ್ ತೆರ್ರಾ" ಅಂತಿದ್ರು, ನಾನು ನಮ್ಮನೆ ಸಿಂಕ್ ಕಡೆ ಕೈ ತೋರಿಸಿ ಮೊದಲು ಅದ್ರಲ್ಲಿರೋ ಪಾತ್ರೆ ತೊಳೀರಿ ಅಂತಿದ್ದೆ. ಅತ್ತೆ ಕುಮಟಾದವ್ರು, ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವ್ರು. ಚಿಂಕ್ವೆ ಅಂದ್ರೆ ಐದು ಅಂತ ಹೇಳಿದ್ದಷ್ಟೇ ಕಿವಿಗೆ ಹಾಕ್ಕೊಂಡು "ತೆರೆ ಅಂದ್ರೆ ಅಲೆ ಅಲ್ದಾ? ಬರೀ ಐದೇ ತೆರೆ ನೋಡೂಕೆ ಅಷ್ಟು ದೂರ ಎಂತಕ್ಕೆ ಮಾರಾಯ್ತಿ, ನಮ್ಮೂರಲ್ಲಿ ದಿನಾ ಎಣಿಸೂಕಾಗದಷ್ಟು ಬತ್ತು" ಅಂದ್ರು. ತೆರ್ರೆ ಅಂದ್ರೆ ಅಲೆ ಅಲ್ಲ, ನೆಲ, ಭೂಮಿ ಅಂತ ವಿವರಿಸಿದ್ಮೇಲೆ ಇನ್ನೂ ಬೇಜಾರಾಯ್ತು ಅವರಿಗೆ. ನೆಲ ನೋಡೂಕೆ ಯಾರಾದ್ರೂ ವಿಮಾನ ಹತ್ತತಾರಾ.

ಆದ್ರೂ ತಾನೂ ಬರ್ತೀನಿ ಅಂದ್ರು. ಅದು ಬೇರೆ ವಿಷಯ.

ಮೊದಲನೇ ಟ್ಯಾಬು, ಯಾವ ತಿಂಗಳು. ಆಗಸ್ಟ್ ಬೇಡ, ಇಡೀ ಇಟಲಿಗೆ ರಜೆ, ಜೊತೆಗೆ ಬಿಸಿಲು. ಶರತ್ಕಾಲ ಬೇಡ, 2011ರ ಅಕ್ಟೋಬರ್ 25ಕ್ಕೆ ಮಳೆ ಸುರಿದು ವೆರ್ನಾತ್ಸಾ, ಮೊಂತೆರೊಸ್ಸೊ ಎರಡೂ ಊರಿನ ಬೀದಿಗಳಲ್ಲಿ ಕೆಸರು ತುಂಬಿ ಜನ ಸತ್ತಿದ್ರಂತೆ, ಅದನ್ನ ಓದಿದ ನಮ್ಮನೆಯವ್ರು ಅಕ್ಟೋಬರ್ ಪೂರ್ತಿ ಕೆಂಪು ಬಣ್ಣ ಬಳಿದ್ರು. ಚಳಿಗಾಲ ಬೇಡ, ದೋಣಿ ಇರಲ್ಲ. ಹೀಗೆ ಮೂರು ವಾರ ಸಂಶೋಧನೆ ಮಾಡಿ ಮೇ ತಿಂಗಳೇ ಸೂಕ್ತ ಅಂತ ಘೋಷಣೆ ಮಾಡಿದ್ರು. ಮಗಳ ಸ್ಕೂಲ್ ಕ್ಯಾಲೆಂಡರ್ ಫ್ರಿಜ್ಜಿನ ಮೇಲೆ ಅಂಟಿಸಿದೆ, ಬೇಸಿಗೆ ರಜೆ ಅಂತ ದಪ್ಪಕ್ಷರದಲ್ಲಿದೆ, ಅದನ್ನ ನೋಡಿದ್ರೆ ಇದೇ ತೀರ್ಮಾನಕ್ಕೆ ಅರ್ಧ ನಿಮಿಷ ಸಾಕಿತ್ತು. ನಾನು ಬಾಯಿ ಬಿಡ್ಲಿಲ್ಲ, ಸಂಸಾರ ಅಂದ್ಮೇಲೆ ಇದೆಲ್ಲ ಇರುತ್ತೆ.

ಎರಡನೇ ಟ್ಯಾಬು, ಮೆಟ್ಟಿಲು. ಹೌದು, ಮೆಟ್ಟಿಲಿಗೆ ಪ್ರತ್ಯೇಕ ಟ್ಯಾಬು. ಅಲ್ಲಿ ಊರೊಳಗೆ ಕಾರು ಬಿಡಲ್ಲ, ರಸ್ತೆಗಿಂತ ಮೆಟ್ಟಿಲೇ ಜಾಸ್ತಿ, ಅತ್ತೆಗೆ ಎಪ್ಪತ್ತು ವರ್ಷ, ಎಡಗಾಲು ಮಂಡಿ ನೋವು. ಕೊರ್ನೀಲ್ಯಾ ಅಂತೂ ಗುಡ್ಡದ ನೆತ್ತಿ ಮೇಲೆ, ಸಮುದ್ರದಿಂದ ನೂರು ಮೀಟರ್ ಎತ್ತರ, ರೈಲ್ವೆ ಸ್ಟೇಷನ್ ಕೆಳಗೆ, ಮಧ್ಯದಲ್ಲಿ ಅಡ್ಡಾದಿಡ್ಡಿ ತಿರುಗೋ 380ರ ಹತ್ತಿರ ಮೆಟ್ಟಿಲು. ಇದನ್ನ ಕೇಳಿ ಅತ್ತೆ "ನಾನು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳು" ಅಂತ ಸೆರಗು ಸಿಕ್ಕಿಸಿಕೊಂಡ್ರು. ಯಾವಾಗ ಅಂತ ಅವ್ರ ಮಗ ಕೇಳಿದ್ದಕ್ಕೆ "ಮದುವೆ ಆದ ವರ್ಷ" ಅಂದ್ರು. ಮೇಲಕ್ಕೆ ಹೋಗೋಕೆ ಸ್ಟೇಷನ್ನಿಂದ ಒಂದು ಪುಟ್ಟ ಬಸ್ಸಿದೆ ಅಂತ ಗೊತ್ತಾದ್ಮೇಲೆ ಎಲ್ಲರಿಗೂ ಸಮಾಧಾನ ಆಯ್ತು, ಅತ್ತೆಗೆ ಸ್ವಲ್ಪ ಜಾಸ್ತಿನೇ ಆಯ್ತು ಅನ್ಸುತ್ತೆ.

ಹಳ್ಳಿಯಿಂದ ಹಳ್ಳಿಗೆ ಲೋಕಲ್ ಟ್ರೇನಿದೆ, ಒಂದರಿಂದ ಇನ್ನೊಂದಕ್ಕೆ ಮೂರು-ನಾಲ್ಕು ನಿಮಿಷ. ನಾನು ಇದನ್ನ ಕೇಳಿ ಆಹಾ, ಸಮುದ್ರ ನೋಡ್ಕೊಂಡು ರೈಲಲ್ಲಿ ಹೋಗೋದು ಅಂತ ಕನಸು ಕಂಡಿದ್ದೆ, ಕಿಟಕಿ ಪಕ್ಕ ಯಾರು ಕೂರೋದು ಅಂತ ಮಗಳ ಜೊತೆ ಜಗಳನೂ ಆಗಿತ್ತು. ಆಮೇಲೆ ಯಾರೋ ಹಾಕಿದ್ದ ವೀಡಿಯೋ ನೋಡಿದ್ರೆ ರೈಲು ಬಹುಪಾಲು ಸುರಂಗದೊಳಗೇ ಹೋಗುತ್ತೆ, ಕಣ್ಣು ಮಿಟುಕಿಸೋಷ್ಟರಲ್ಲಿ ಒಂದು ಚೂರು ನೀಲಿ, ಮತ್ತೆ ಕತ್ತಲೆ, ಮತ್ತೆ ಒಂದು ಚೂರು ನೀಲಿ. ನಮ್ಮ ಕೊಂಕಣ ರೈಲ್ವೆ ಥರಾನೇ. ಕಿಟಕಿ ಸೀಟನ್ನ ಮಗಳಿಗೇ ಬಿಟ್ಟುಕೊಟ್ಟೆ, ದೊಡ್ಡ ತ್ಯಾಗ ಮಾಡಿದೋಳ ಮುಖ ಮಾಡ್ಕೊಂಡು.

ನಡ್ಕೊಂಡು ಹೋಗೋ ದಾರಿನೂ ಇವೆ. ಅದ್ರಲ್ಲಿ ರಿಯೊಮಜ್ಜೋರೆ ಮನರೋಲಾ ಮಧ್ಯೆ ಒಂದು ಕಿಲೋಮೀಟರ್‌ಗೂ ಕಮ್ಮಿ ಇರೋ ದಾರಿಗೆ ಹೆಸರು ವಿಯಾ ದೆಲ್ಲಮೋರೆ, ಪ್ರೇಮದ ಹಾದಿ. 2012ರಲ್ಲಿ ಬಂಡೆ ಉರುಳಿ ಪ್ರವಾಸಿಗರಿಗೆ ಪೆಟ್ಟಾಗಿ ಮುಚ್ಚಿದ್ದು, 2024ರಲ್ಲಿ ಮತ್ತೆ ತೆರೆದ್ರು. ಈಗ ಅದಕ್ಕೆ ಬೇರೆ ಟಿಕೆಟ್ಟು, ಟೈಮ್ ಸ್ಲಾಟು. ನಮ್ಮನೆಯವ್ರು ಆಫೀಸ್ ಮೀಟಿಂಗ್ ಇನ್ವೈಟ್ ಕಳಿಸಿದ್ರು ನನಗೆ, ಸಬ್ಜೆಕ್ಟು "ಪ್ರೇಮ", ಬೆಳಗ್ಗೆ 10ರಿಂದ 10.30, ಮಗಳು ಮತ್ತು ಅತ್ತೆ ಆಪ್ಷನಲ್. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಪ್ರೇಮಕ್ಕೆ ಅಂತಾನೇ ಅರ್ಧ ಗಂಟೆ ಬ್ಲಾಕ್ ಮಾಡಿದ್ದು ಇದೇ ಮೊದಲು, ನಾನು ತಕ್ಷಣ ಅಕ್ಸೆಪ್ಟ್ ಮಾಡಿದೆ. ಅತ್ತೆನೂ ಅಕ್ಸೆಪ್ಟ್ ಮಾಡಿದ್ರು.

ಇನ್ನೊಂದು, ಅಲ್ಲಿ ಗುಡ್ಡದ ದಾರೀಲಿ ಹವಾಯಿ ಚಪ್ಪಲಿ ಹಾಕ್ಕೊಂಡು ನಡೆದ್ರೆ ದಂಡ, 2019ರಲ್ಲಿ ಮಾಡಿದ ನಿಯಮ, 50ರಿಂದ 2,500 ಯೂರೋವರೆಗೂ. ನಮ್ಮನೆಯವ್ರು ಎರಡೂವರೆ ಲಕ್ಷದ ಹತ್ರ ಹತ್ರ ಅಂತ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದ್ರು. ಅತ್ತೆ ತಮ್ಮ ನೂರೈವತ್ತು ರೂಪಾಯಿ ಚಪ್ಪಲಿ ಎತ್ತಿ ಹಿಂದೆ ಮುಂದೆ ತಿರುಗಿಸಿ ಒಂಥರಾ ಗೌರವದಿಂದ ನೋಡಿದ್ರು.

ಈಗ ಊಟದ ವಿಷಯ, ಇದು ಮುಂದಕ್ಕೆ ಬೇಕಾಗುತ್ತೆ. ಲಿಗೂರಿಯಾ ಅಂದ್ರೆ ಪೆಸ್ಟೋದ ತವರು, ಕಾಮಕಸ್ತೂರಿಯ ಅಕ್ಕ ತಂಗಿ ಥರದ ಬೇಸಿಲ್ ಸೊಪ್ಪು, ಬೆಳ್ಳುಳ್ಳಿ, ಪೈನ್ ಬೀಜ, ಎಣ್ಣೆ, ಚೀಸು ಹಾಕಿ ಒರಳಲ್ಲಿ ಅರೆಯೋ ಚಟ್ನಿ. ಚಟ್ನಿ ಅಂತ ಕೇಳಿ ಅತ್ತೆ ಕಣ್ಣರಳಿಸಿದ್ರು. ಆದ್ರೆ ನಾನು ಸುಮ್ನಿರದೆ ಇನ್ನೂ ಓದಿದೆ. ಅದಕ್ಕೆ ಹಾಕೋ ಪಾರ್ಮಿಜಾನೋ ಚೀಸನ್ನ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿಯೇ ಮಾಡ್ಬೇಕು, ಆ ಹೆಸರಿಟ್ಕೊಬೇಕಂದ್ರೆ ಬೇರೆ ದಾರಿನೇ ಇಲ್ಲ, ಕಾನೂನೇ ಹಾಗಿದೆ. ಇದನ್ನ ಊಟದ ಹೊತ್ತಲ್ಲಿ ಹೇಳಬಾರದಿತ್ತು, ಹೇಳಿದೆ. ಅವತ್ತು ಸಾರಿಗೆ ಹಾಕಿದ್ದ ತುಪ್ಪನೂ ಅತ್ತೆ ಅನುಮಾನದಿಂದ ನೋಡಿದ್ರು. ಎಕ್ಸೆಲ್‌ನಲ್ಲಿ ಹೊಸ ಸಾಲು ಬಂತು, "ಪಾರ್ಮಿಜಾನೋ: ಕಡ್ಡಾಯವಾಗಿ ಬೇಡ", ದಪ್ಪಕ್ಷರ. ನಮ್ಮನ್ನ ಉಳಿಸಿದ್ದು ಫರಿನಾತಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ, ದೊಡ್ಡ ತಾಮ್ರದ ತಟ್ಟೇಲಿ ಹುಯ್ದು ಕಟ್ಟಿಗೆ ಒಲೇಲಿ ಬೇಯಿಸ್ತಾರೆ. ಫೋಟೋ ನೋಡಿ ಅತ್ತೆ "ಇದು ನಮ್ಮ ಕಡಲೆಹಿಟ್ಟಿನ ದೋಸೆ, ಈರುಳ್ಳಿ ಹಾಕೂಕೆ ಮರ್ತಿದಾರೆ" ಅಂತ ಪಾಸ್ ಮಾಡಿದ್ರು. ಕಾಫಿದೂ ಒಂದು ಗಮ್ಮತ್ತು, ಅಲ್ಲಿ ಬಾರ್ ಅಂದ್ರೆ ಕಾಫಿ ಅಂಗಡಿ, ಕೌಂಟರಲ್ಲಿ ನಿಂತು ಕುಡಿದ್ರೆ ಒಂದು ರೇಟು, ಟೇಬಲ್‌ಗೆ ಹೋಗಿ ಕೂತ್ರೆ ಇನ್ನೊಂದು. ದರ್ಶಿನೀಲಿ ಬೆಳೆದ ಬೆಂಗಳೂರಿನ ಜನಕ್ಕೆ ಇದನ್ನ ಯಾರೂ ಹೇಳ್ಕೊಡಬೇಕಾಗಿಲ್ಲ.

ಇನ್ನು ನನ್ನ ಘನಕಾರ್ಯ.

ಮೆಟ್ಟಿಲು ಕಮ್ಮಿ ಇರೋ ಲಾ ಸ್ಪೆತ್ಸಿಯಾ ಪಟ್ಟಣದಲ್ಲೇ ಉಳ್ಕೊಂಡು ದಿನಾ ರೈಲಲ್ಲಿ ಹೋಗಿಬರೋದು ಅಂತ ನಮ್ಮನೆಯವ್ರ ಪ್ಲಾನು. ನನಗೆ ಒಂದು ರಾತ್ರಿನಾದ್ರೂ ಆ ಬಣ್ಣದ ಮನೇಲೇ ಮಲಗಬೇಕು ಅಂತ ಆಸೆ. ಕೊರ್ನೀಲ್ಯಾದಲ್ಲಿ ಗಲಾಟೆ ಕಮ್ಮಿ, ಬಸ್ಸೂ ಇದೆ, ಒಂದು ರಾತ್ರಿಗೆ ನಾನೇ ಬುಕ್ ಮಾಡ್ತೀನಿ, ನಿಮ್ಮ ಎಕ್ಸೆಲ್ ಎಲ್ಲ ಬೇಡ ನನಗೆ ಅಂತ ಜಂಬ ಕೊಚ್ಕೊಂಡು ರಾತ್ರಿ ಹನ್ನೊಂದೂವರೆಗೆ ಹಾಸಿಗೇಲಿ ಬಿದ್ಕೊಂಡು ಫೋನಲ್ಲಿ "ಕೊರ್ನೀಲ್" ಅಂತ ಟೈಪ್ ಮಾಡೋಷ್ಟರಲ್ಲಿ ಆಪೇ ಊರಿನ ಹೆಸರು ತೋರಿಸ್ತು, ಒತ್ತಿದೆ. ಎಲ್ಲರೂ ಹೇಳೋ ರೇಟಿನ ಅರ್ಧ! ಕಲ್ಲಿನ ಮನೆ, ದಪ್ಪ ಗೋಡೆ, ಕಿಟಕಿ ಆಚೆ ಹಸಿರು ಬೆಟ್ಟ. ಫೋಟೋದಲ್ಲಿ ಎಲ್ಲೂ ಸಮುದ್ರ ಕಾಣ್ತಿರ್ಲಿಲ್ಲ. ಹಿಂದುಗಡೆ ರೂಮಿರಬೇಕು, ಅದಕ್ಕೇ ಚೀಪು ಅಂತ ನನಗೆ ನಾನೇ ಹೇಳ್ಕೊಂಡೆ. ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಇಲ್ಲ ಅಂತಿತ್ತು, ಕ್ಯಾನ್ಸಲ್ ಯಾಕೆ ಮಾಡ್ತೀನಿ ಅಂತ ದುಡ್ಡು ಕಟ್ಟಿ, ಪಕ್ಕದಲ್ಲಿ ಗೊರಕೆ ಹೊಡೀತಿದ್ದವ್ರನ್ನ ಎಬ್ಬಿಸಿ "ನೋಡ್ರೀ, ಪ್ಲಾನಿಂಗ್ ಅಂದ್ರೆ ಇದು" ಅಂತ ತೋರಿಸಿ ಮತ್ತೆ ಮಲಗಿಸಿದೆ.

ಹತ್ತು ದಿನ ಆದ್ಮೇಲೆ ಮಗಳು ಮ್ಯಾಪಲ್ಲಿ ನಾವು ಹೋಗೋ ಜಾಗಕ್ಕೆಲ್ಲ ಗುರುತು ಹಾಕ್ತಾ ಕೂತಿದ್ಳು. "ಅಮ್ಮಾ, ಈ ಊರಲ್ಲಿ ಸಮುದ್ರ ಎಲ್ಲಿದೆ?" ಅಂದ್ಳು. ಝೂಮ್ ಮಾಡು ಅಂದೆ. ಮಾಡಿದ್ಳು. ಬೆಟ್ಟ. ಇನ್ನೂ ಝೂಮ್ ಔಟ್ ಮಾಡು. ಬೆಟ್ಟ, ಪಕ್ಕದಲ್ಲಿ ಇನ್ನೊಂದು ಬೆಟ್ಟ. ನಾನು ಬುಕ್ ಮಾಡಿದ್ದು ಕೊರ್ನೀಲ್ಯಾ ಅಲ್ಲ, ಕೊರ್ನೀಲ್ಯೊ! ಅಪೆನೈನ್ ಬೆಟ್ಟಸಾಲಿನ ಆ ಕಡೆ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲೆ, ಪಾರ್ಮಾ ಜಿಲ್ಲೇಲಿ.

ಪಾರ್ಮಾ ಅಂದ ತಕ್ಷಣ ನಮ್ಮನೆಯವ್ರು ಕುರ್ಚಿ ಹಿಡ್ಕೊಂಡ್ರು. "ಯಾವ ಚೀಸ್ ಕಡ್ಡಾಯವಾಗಿ ಬೇಡ ಅಂದ್ಯೋ ಅದರ ತವರುಮನೆಗೇ ರೂಮ್ ಮಾಡಿದೀಯಲ್ಲೇ" ಅಂತ ಶುರು ಮಾಡಿದ ನಗು ಎರಡು ದಿನ ನಿಲ್ಲಲಿಲ್ಲ, ಹಲ್ಲುಜ್ಜೋವಾಗ್ಲೂ ನೊರೆ ಸಮೇತ ನಗು. ಹಂಪಿ ನೋಡೋಕೆ ಹೊಸಪೇಟೆಗೆ ಬನ್ನಿ ಅಂದ್ರೆ ಹೊಸಕೋಟೆಲಿ ಇಳ್ಕೊಂಡು ವಿರೂಪಾಕ್ಷ ದೇವಸ್ಥಾನ ಎಲ್ಲಿ ಅಂತ ಕೇಳಿದಂಗಾಯ್ತು ಅಂತ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಹಾಕಿದ್ರು. ನಾನೂ ಬಿಡ್ಲಿಲ್ಲ, ಹುಡುಕಿ ತೆಗೆದೆ. 2009ರಲ್ಲಿ ಸ್ವೀಡನ್ನಿನ ಗಂಡ ಹೆಂಡ್ತಿ ಕಾಪ್ರಿ ದ್ವೀಪಕ್ಕೆ ಹೊರಟು, ಕಾರಿನ ಜಿಪಿಎಸ್‌ನಲ್ಲಿ ಕಾಪ್ರಿ ಬದಲು ಕಾರ್ಪಿ ಅಂತ ಹಾಕಿ, ನೂರಾರು ಕಿಲೋಮೀಟರ್ ಆಚೆ ಒಣನೆಲದ ಕಾರ್ಪಿ ಪಟ್ಟಣದಲ್ಲಿ ಇಳಿದು, ಅಲ್ಲಿನ ಟೂರಿಸ್ಟ್ ಆಫೀಸಲ್ಲಿ ಕಾಪ್ರಿಯ ನೀಲಿ ಗುಹೆಗೆ ದಾರಿ ಕೇಳಿದ್ರಂತೆ. ದ್ವೀಪಕ್ಕೆ ಹೊರಟೋರು ಸೇತುವೆನೂ ಇಲ್ಲ ದೋಣಿನೂ ಇಲ್ಲ ಅಂತ ಒಂದು ನಿಮಿಷನೂ ಯೋಚನೆ ಮಾಡಿಲ್ವಲ್ಲ, ಅವರಿಗೆ ಹೋಲಿಸಿದ್ರೆ ನಾನು ಎಷ್ಟೋ ವಾಸಿ, ಮನೇಲೇ ಕೂತು ತಪ್ಪಿದ್ದು.

ರೂಮಿನವ್ರಿಗೆ ಮೇಲ್ ಹಾಕಿದೆ, ಹೀಗ್ಹೀಗಾಯ್ತು, ಒಂದಕ್ಷರದ ತಪ್ಪು, ದಯವಿಟ್ಟು ಅಂತ. ಮರುದಿನ ಉತ್ತರ ಬಂತು. ದುಡ್ಡು ವಾಪಸ್ ಕೊಡೋಕಾಗಲ್ಲ, ನೀವೇ ಮೊದಲನೆಯವರಲ್ಲ, ಆದ್ರೂ ಬನ್ನಿ, ನಮ್ಮಲ್ಲೂ ಗಾಳಿ ಚೆನ್ನಾಗಿದೆ. ಒಂದು ಫೋಟೋನೂ ಇತ್ತು, ಮೋಡ ಇಳಿದಿರೋ ಕಾಡು, ಕಲ್ಲಿನ ಚಾವಣಿ, ಒಂದು ನಾಯಿ.

ಆ ಫೋಟೋ ಅತ್ತೆ ಕೈಗೆ ಹೋಯ್ತು. ಕನ್ನಡಕ ಹಾಕ್ಕೊಂಡು ಸುಮಾರು ಹೊತ್ತು ನೋಡಿದ್ರು. "ಇದು ನಮ್ಮ ದೇವಿಮನೆ ಘಟ್ಟದ ಹಾಂಗೇ ಇದ್ದು. ಸಮುದ್ರ ನಾನು ಹುಟ್ಟಿದಾಗಿಂದ ನೋಡ್ತಾ ಇದ್ದೆ. ಇಲ್ಲಿಗೆ ಹೋಪನ" ಅಂದ್ರು. ಚೀಸ್ ಊರು ಅಂತ ಮಗ ನೆನಪಿಸಿದ್ದಕ್ಕೆ "ಊರು ನೋಡೂಕೆ ಹೋಗದು, ತಿನ್ನೂಕಲ್ಲ" ಅಂತ ಬಾಯಿ ಮುಚ್ಚಿಸಿದ್ರು. ಇಷ್ಟು ತಿಂಗಳಲ್ಲಿ ಇಟಲಿಯ ಯಾವುದಾದ್ರೂ ಒಂದು ಜಾಗಕ್ಕೆ ಅವ್ರಾಗೇ ಹೂಂ ಅಂದಿದ್ದು ಇದೊಂದಕ್ಕೇ. ಆಮೇಲೆ ನೋಡಿದ್ರೆ ಲಾ ಸ್ಪೆತ್ಸಿಯಾದಿಂದ ಪಾರ್ಮಾಕ್ಕೆ ಬೆಟ್ಟ ದಾಟಿ ರೈಲಿದೆ, ಪಾರ್ಮಾದಿಂದ ಮೇಲಕ್ಕೆ ಬಸ್ಸು, ನಮ್ಮ ವಾಪಸ್ ವಿಮಾನ ಹೇಗೂ ಮಿಲಾನಿಂದ. ನಮ್ಮನೆಯವ್ರು ನಗು ನಿಲ್ಲಿಸಿ ಏಳನೇ ಟ್ಯಾಬು ತೆಗೆದ್ರು. ಹೀಗೆ ಒಂದು ರಾತ್ರಿ ಕೊರ್ನೀಲ್ಯಾ, ಈ ಸಲ ಅವ್ರೇ ಬುಕ್ ಮಾಡಿದ್ದು, ಒಂದು ರಾತ್ರಿ ಕೊರ್ನೀಲ್ಯೊ.

ವೀಸಾ ಫೈಲು ಮುನ್ನೂರು ಗ್ರಾಂ ಬಂತು, ಅಡುಗೆಮನೆ ತಕ್ಕಡೀಲಿ ತೂಗಿದ್ದು ಮಗಳು. ದೊಡ್ಡವರಿಗೆ ತಲಾ 90 ಯೂರೋ ಫೀಸು, ಮಗಳಿಗೆ 45, 30,000 ಯೂರೋದ ಇನ್ಶೂರೆನ್ಸು, ಬ್ಯಾಂಕ್ ಸ್ಟೇಟ್‌ಮೆಂಟು, ರಜೆ ಕೊಟ್ಟಿದೀವಿ ಅಂತ ಆಫೀಸಿನ ಪತ್ರ, ದಿನದಿನದ ಪ್ರವಾಸದ ಪಟ್ಟಿ. ಅತ್ತೆಗೆ ಫೋಟೋದಲ್ಲಿ ನಗಬೇಡಿ ಅಂದಿದ್ದಕ್ಕೇ ನಗು ಬಂದು ಮೂರು ಸಲ ತೆಗೆಸಬೇಕಾಯ್ತು. ಕೌಂಟರಲ್ಲಿದ್ದ ಹುಡುಗ ಒಂದೊಂದೇ ಹಾಳೆ ತಿರುಗಿಸ್ತಾ ಬಂದು ಪ್ರವಾಸದ ಪಟ್ಟೀಲಿ ನಿಂತ. ಹಿಂದಿನ ಹಾಳೆ ನೋಡಿದ, ಮತ್ತೆ ಮುಂದಿನ ಹಾಳೆ ನೋಡಿದ. ಆಮೇಲೆ ಪೆನ್ನಿನ ಕ್ಯಾಪ್ ತೆಗೆದು ನನ್ನ ಕಡೆ ತಳ್ಳಿ, ತುಂಬಾ ಮರ್ಯಾದೆಯಿಂದ "ಮೇಡಂ, ಇಲ್ಲೊಂದು ಸ್ಪೆಲ್ಲಿಂಗ್ ಮಿಸ್ಟೇಕ್ ಇದೆ, ಒಂದ್ಕಡೆ ಕೊನೇಲಿ ಓ ಬಂದ್ಬಿಟ್ಟಿದೆ, ಸರಿ ಮಾಡಿ ಸೈನ್ ಹಾಕ್ಬಿಡಿ" ಅಂದ.

ಪಕ್ಕದಲ್ಲಿ ನಮ್ಮನೆಯವ್ರಿಗೆ ಕೆಮ್ಮು ಶುರುವಾಯ್ತು.