ಕಂಪ್ಯೂಟರ್ ಒಳಗಿನ ಸ್ಪ್ರಿಂಗ್ ಪ್ಯಾಸಿವ್ ಅಲ್ಲ

"ಎರಡು ಪ್ಯಾಸಿವ್ ವ್ಯವಸ್ಥೆಗಳನ್ನು ಫೀಡ್‌ಬ್ಯಾಕ್‌ನಲ್ಲಿ ಜೋಡಿಸಿದರೆ ಸ್ಥಿರತೆಯ ಚಿಂತೆಯೇ ಇಲ್ಲ" ಅಂತ ಬರೆದಿದ್ದೀರಿ. ಪ್ಯಾಸಿವ್ ಅಂದ್ರೆ ಪಡೆದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ವಾಪಸ್ ಕೊಡದ್ದು; ಫೀಡ್‌ಬ್ಯಾಕ್ ಅಂದ್ರೆ ಒಂದರ ಔಟ್‌ಪುಟ್ ಇನ್ನೊಂದಕ್ಕೆ ಇನ್‌ಪುಟ್ ಆಗೋದು. ಪ್ರಮೇಯ ಸರಿ. ಆದರೆ ಅವುಗಳಲ್ಲೊಂದಾದ ಕಂಟ್ರೋಲರ್ (ಯಂತ್ರವನ್ನು ನಿಯಂತ್ರಿಸುವ ಭಾಗ) ಕಂಪ್ಯೂಟರಿನಲ್ಲಿ ಓಡುವಾಗಲೂ ಪ್ಯಾಸಿವ್ ಆಗಿಯೇ ಉಳಿಯುತ್ತೆ ಅಂತ ಯಾರು ಹೇಳಿದ್ದು? ಹ್ಯಾಪ್ಟಿಕ್ ಸಾಧನದ (ಕೈಗೆ ಸ್ಪರ್ಶದ ಅನುಭವ ಕೊಡುವ ಯಂತ್ರದ) ವರ್ಚುವಲ್ ಗೋಡೆಯನ್ನೇ ತಗೊಳ್ಳಿ, ಅದು ಬರೀ ಕಂಪ್ಯೂಟರ್ ಲೆಕ್ಕ ಹಾಕುವ ಒಂದು ಸ್ಪ್ರಿಂಗ್. ಕಂಪ್ಯೂಟರ್ ಕೈಯ ಸ್ಥಾನವನ್ನು ಬಿಟ್ಟು ಬಿಟ್ಟು ಅಳೆಯುತ್ತೆ; ಅಂಥ ಎರಡು ಅಳತೆಗಳ (ಸ್ಯಾಂಪಲ್‌ಗಳ) ನಡುವೆ ಬಲ ಬದಲಾಗಲ್ಲ. ಹಾಗಾಗಿ ಕೈ ಒಳಗೆ ಒತ್ತುವಾಗ ಬಲ ಚೂರು ಕಡಿಮೆ, ಹೊರಗೆ ಬರುವಾಗ ಚೂರು ಜಾಸ್ತಿ. ಕೊಟ್ಟಿದ್ದಕ್ಕಿಂತ ಹೆಚ್ಚು ಶಕ್ತಿ ವಾಪಸ್! ಗೋಡೆ ಗಡಗಡ ನಡುಗೋದು ಇದಕ್ಕೇ. ಸಂಶೋಧಕ ಕಾಲ್ಗೇಟ್ ಅವರ ಷರತ್ತಿನ ಪ್ರಕಾರ ಗೋಡೆ ಪ್ಯಾಸಿವ್ ಆಗಿರಬೇಕಾದರೆ ಯಂತ್ರದ ಸ್ವಂತ ಡ್ಯಾಂಪಿಂಗ್ (ಚಲನೆಯ ಶಕ್ತಿಯನ್ನು ಹೀರುವ ಗುಣ), ಗೋಡೆಯ ಸ್ಟಿಫ್‌ನೆಸ್ (ಸ್ಪ್ರಿಂಗಿನ ಬಿಗಿತ) ಮತ್ತು ಸ್ಯಾಂಪ್ಲಿಂಗ್ ಅವಧಿಯ (ಎರಡು ಸ್ಯಾಂಪಲ್‌ಗಳ ನಡುವಿನ ಸಮಯದ) ಗುಣಲಬ್ಧದ ಅರ್ಧಕ್ಕಿಂತ ಹೆಚ್ಚಿರಬೇಕು. ಸ್ಟಿಫ್‌ನೆಸ್ ಮೀಟರಿಗೆ 2000 ನ್ಯೂಟನ್, ಅವಧಿ 1 ಮಿಲಿಸೆಕೆಂಡ್ ಅಂದ್ರೆ ಡ್ಯಾಂಪಿಂಗ್ ಮೀಟರಿಗೆ 1 ನ್ಯೂಟನ್-ಸೆಕೆಂಡ್ ಮೀರಬೇಕು. ಸಲೀಸಾಗಿ ಆಡಲೆಂದೇ ಮಾಡಿದ ಸಾಧನದಲ್ಲಿ ಅಷ್ಟು ಎಲ್ಲಿಂದ ತರೋದು? ಸಾಫ್ಟ್‌ವೇರ್‌ನಲ್ಲಿ ಡ್ಯಾಂಪಿಂಗ್ ಸೇರಿಸೋಣ ಅಂದ್ರೆ ಅದೂ ಆ ಷರತ್ತಿನಲ್ಲಿ ಎದುರು ಪಕ್ಷಕ್ಕೇ ಹೋಗಿ ಕೂರುತ್ತೆ, ಅಂದ್ರೆ ಯಂತ್ರಕ್ಕೆ ಬೇಕಾದ ಡ್ಯಾಂಪಿಂಗ್ ಇನ್ನೂ ಹೆಚ್ಚುತ್ತೆ.

ಇನ್ನೊಂದು ಮಾತು. ಬರೀ ಪ್ಯಾಸಿವಿಟಿಯಿಂದ ಎಲ್ಲವೂ ಸೊನ್ನೆಗೆ ಬಂದು ನಿಲ್ಲುತ್ತೆ ಅನ್ನೋ ಖಾತರಿ ಸಿಗಲ್ಲ. ನಷ್ಟವಿಲ್ಲದ ಎಲ್‌ಸಿ (ಕಾಯಿಲ್ ಮತ್ತು ಕೆಪಾಸಿಟರ್ ಇರುವ) ಸರ್ಕ್ಯೂಟೂ ಪ್ಯಾಸಿವ್ವೇ, ಆದರೆ ಅದರ ಆಂದೋಲನ ನಿಲ್ಲೋದೇ ಇಲ್ಲ.