ಪರ-ವಿರೋಧ: ವಿದೇಶಾಂಗ ನೀತಿ ಜನರ ಮಾತು ಕೇಳಿ ನಡೆಯಬೇಕೇ?

ಪರ: ಈರುಳ್ಳಿ ಬೆಳೆದವನನ್ನೂ ಒಂದು ಮಾತು ಕೇಳಿ

2023ರ ಡಿಸೆಂಬರ್ 8. ಚಳ್ಳಕೆರೆ ಹತ್ತಿರದ ನಮ್ಮ ಹೊಲದಲ್ಲಿ ಬೋರ್‌ವೆಲ್ ನೀರಿನ ಕೊನೇ ಈರುಳ್ಳಿ ರಾಶಿ ಬಿದ್ದಿತ್ತು. ಹೆಣ್ಣಾಳುಗಳು ಕೂತು ಸೊಪ್ಪು ಕೊಯ್ಯುತ್ತಿದ್ದರು. ರಾತ್ರಿ ಲಾರಿ ಯಶವಂತಪುರಕ್ಕೆ ಹೊರಡಬೇಕು. ಮಧ್ಯಾಹ್ನ ಮಂಡಿಯಿಂದ ಫೋನ್ ಬಂತು. "ಅಣ್ಣಾ, ರಫ್ತು ಬಂದ್ ಆಗೈತೆ. ಇವತ್ತು ಲೋಡ್ ಕಳಿಸಬ್ಯಾಡ್ರಿ."

ಈರುಳ್ಳಿ ಕಾಯುವ ಮಾಲಲ್ಲ. ತಾಡಪಾಲು ಹೊದಿಸಿದೆವು, ಬಿಚ್ಚಿದೆವು, ಮತ್ತೆ ಹೊದಿಸಿದೆವು. ಎಂಟು ದಿನಕ್ಕೆ ರಾಶಿಯ ತಳ ಬೆವರಿತು. ಒಳಗೆ ಕೈ ಹಾಕಿದರೆ ಬಿಸಿ. ಹಿಚುಕಿದರೆ ನೀರು. ನನ್ನ ಹೆಂಡತಿ ಒಳ್ಳೇ ಗಡ್ಡೆ ಆರಿಸುತ್ತಾ ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇನ್ನೂ ಮರೆತಿಲ್ಲ.

ಮಾರ್ಚ್ 31ರವರೆಗೆ ರಫ್ತು ಇಲ್ಲ ಎಂದಿದ್ದರು. ಅಷ್ಟರಲ್ಲೇ ಬಾಂಗ್ಲಾದೇಶಕ್ಕೆ 50 ಸಾವಿರ ಟನ್ ಕಳಿಸಲು ಸರ್ಕಾರ ಒಪ್ಪಿದ ಸುದ್ದಿ ಬಂತು. ನೆರೆಯವರಿಗೆ ಕೊಟ್ಟದ್ದು ತಪ್ಪು ಅನ್ನಲಾರೆ, ಅವರೂ ಉಣ್ಣಬೇಕು. ಆದರೆ ಯಾವ ದೇಶಕ್ಕೆ, ಯಾವಾಗ, ಎಷ್ಟು ಎಂದು ಎರಡು ಸರ್ಕಾರ ಕೂತು ಮಾತಾಡುವಾಗ ಆ ಈರುಳ್ಳಿ ಬೆಳೆದವನನ್ನು ಒಂದು ಮಾತು ಕೇಳಬೇಕಿತ್ತು, ಅಲ್ವಾ? ವಿದೇಶಾಂಗ ನೀತಿ ಅಂದರೆ ದಿಲ್ಲಿಯಲ್ಲಿ ಹಸ್ತಲಾಘವ ಅಂದುಕೊಂಡಿದ್ದೆ. ಅದು ನನ್ನ ಹೊಲಕ್ಕೇ ಬಂದಿತ್ತು.

ಚನ್ನಗಿರಿಯ ಅಡಿಕೆಯವರನ್ನು ಕೇಳಿ. 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆ ತರಲು ಒಪ್ಪಿಗೆ ಕೊಟ್ಟರು, ಇಷ್ಟಕ್ಕಿಂತ ಕಡಿಮೆ ಬೆಲೆಗೆ ತರಬಾರದು ಎಂಬ ಕನಿಷ್ಠ ಆಮದು ಬೆಲೆಯ ಷರತ್ತೂ ಇಲ್ಲದೆ. ಸ್ನೇಹ ಭೂತಾನ್ ಜೊತೆ, ಭಯ ಚನ್ನಗಿರಿಯ ತೋಟದಲ್ಲಿ.

ಜನ ಬಾಯಿ ಹಾಕಿದರೆ ದೇಶಕ್ಕೆ ಕೆಟ್ಟದ್ದು ಅನ್ನುವವರು 2019 ನೆನಪು ಮಾಡಿಕೊಳ್ಳಲಿ. ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ 10 ದೇಶಗಳಿದ್ದವು, ಚೀನಾ ಇತ್ತು, ನ್ಯೂಜಿಲೆಂಡ್ ಇತ್ತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ಬಿದ್ದರೆ ಊರ ಡೇರಿಗೆ ಎರಡು ಲೀಟರ್ ಹಾಕಿ ಮನೆ ನಡೆಸುವ ಹೆಣ್ಣುಮಗಳ ಗತಿ ಏನು? ರೈತರು, ಹಾಲು ಉತ್ಪಾದಕರು ದೇಶವಿಡೀ ಎದ್ದು ನಿಂತರು. ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ನಾವು ಸೇರಲ್ಲ ಅಂದಿತು. ಜನ ಸುಮ್ನೆ ಕೂತಿದ್ದರೆ ಹಾಗಾಗುತ್ತಿತ್ತೇ? 2025ರಲ್ಲಿ ಅಮೆರಿಕ ತನ್ನ ಮೆಕ್ಕೆಜೋಳ ಕೊಳ್ಳಿ ಅಂತ ಬಹಿರಂಗವಾಗಿಯೇ ಒತ್ತಾಯ ಮಾಡಿತು. ದಾವಣಗೆರೆ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, ಕಣ್ಣು ಹಾಯಿಸಿದಷ್ಟೂ ಅದೇ ಬೆಳೆ. ಈ ರೈತರ ಅಭಿಪ್ರಾಯ ಬೇಡ ಅಂದರೆ ಇನ್ಯಾರದ್ದು ಬೇಕು?

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಗಿಡಮೂಲಿಕೆ ಮಾರಲು ಹೋದ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದರು. ಚನ್ನಗಿರಿ ಕಡೆಯವರೂ ಅವರಲ್ಲಿದ್ದರು. ಅನ್ನ ನೀರಿಲ್ಲ ಎಂಬ ಅವರ ಗೋಳು ಇಲ್ಲಿ ಮುಟ್ಟಿತು, ರಾಜ್ಯವಿಡೀ ಅದೇ ಮಾತಾಯಿತು. ಸರ್ಕಾರ ನಡೆಸಿದ ಆಪರೇಷನ್ ಕಾವೇರಿ ಎಂಬ ರಕ್ಷಣಾ ಕಾರ್ಯಾಚರಣೆಯಲ್ಲಿ ಮನೆಗೆ ಬಂದರು.

ಮಾತುಕತೆ ಗುಟ್ಟಾಗಿರಬೇಕು ಅಂತ ಕೆಲವರು ಹೇಳುತ್ತಾರೆ. ಕ್ಷಿಪಣಿ ಎಲ್ಲಿಟ್ಟಿದ್ದೀರಿ ಅಂತ ಯಾರಪ್ಪಾ ಕೇಳಿದರು? ನಾವು ಕೇಳಿದ್ದು ಈರುಳ್ಳಿ ವಿಚಾರ.

ವಿರೋಧ: ಸಿಟ್ಟಿನ ದಿನ ತೀರ್ಮಾನ ಬೇಡ

ವಿರೋಧದ ಕಡೆ ಬರೆಯಿರಿ ಎಂದು ನನ್ನನ್ನು ಕೇಳಿದರು. ಒಪ್ಪಿಕೊಂಡೆ, ಪೂರ್ತಿ ಮನಸ್ಸಿನಿಂದ ಅಂತ ಹೇಳಲಾರೆ. ರೈತರನ್ನು ಕೇಳಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಜನಾಭಿಪ್ರಾಯ ಅಂದರೆ ಬರೀ ರೈತರ ಮಾತಲ್ಲ. ಒಂದೊಂದು ದಿನ ಅದು ಸಿಟ್ಟು, ಒಂದೊಂದು ದಿನ ಅಳು.

1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು ಅಪಹರಿಸಿ ಅಫ್ಘಾನಿಸ್ತಾನದ ಕಂದಹಾರಕ್ಕೆ ಒಯ್ದರು. ದಿಲ್ಲಿಯಲ್ಲಿ ಒತ್ತೆಯಾಳುಗಳ ಮನೆಯವರು ಬೀದಿಗೆ ಬಂದರು, ಟೀವಿಯಲ್ಲಿ ದಿನವಿಡೀ ಅದೇ. 31ರಂದು ಒತ್ತೆಯಾಳುಗಳ ಬದಲಿಗೆ ಸರ್ಕಾರ ಜೈಲಿನಲ್ಲಿದ್ದ ಮೂವರು ಉಗ್ರರನ್ನು ಬಿಟ್ಟಿತು. ಅವರಲ್ಲಿ ಒಬ್ಬ ಮಸೂದ್ ಅಜರ್. ಮುಂದೆ ಅವನು ಕಟ್ಟಿದ ಜೈಷ್ ಸಂಘಟನೆಯೇ 2019ರ ಪುಲ್ವಾಮಾ ದಾಳಿಯ ಹೊಣೆ ಹೊತ್ತಿತು. 40 ಯೋಧರು ಹೋದರು. ನನ್ನ ಮಗಳು ಆ ವಿಮಾನದಲ್ಲಿದ್ದಿದ್ದರೆ ನಾನೂ ಬೀದಿಯಲ್ಲಿ ಕೂಗುತ್ತಿದ್ದೆ. ಅದಕ್ಕೇ ಹೇಳುತ್ತೇನೆ, ಅಂಥ ದಿನ ತೀರ್ಮಾನ ನನ್ನ ಕೈಯಲ್ಲಿರಬಾರದು.

ನಾನು ಕಂಡದ್ದು ಸಣ್ಣದು. ದಾವಣಗೆರೆ ಮಂಡಿಪೇಟೆ ಹತ್ತಿರ ನನ್ನದು ಮೊಬೈಲ್ ರಿಪೇರಿ ಅಂಗಡಿ. 2020ರ ಜೂನ್ 15ರಂದು ಲಡಾಖ್ ಗಡಿಯ ಗಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಸೈನಿಕರು ಸತ್ತರು. ನನಗೂ ಹೊಟ್ಟೆ ಉರಿಯಿತು. ನಾಲ್ಕೈದು ದಿನಕ್ಕೆ ನಮ್ಮ ಓಣಿ ಹುಡುಗರೇ ಎಂಟು ಜನ ಬಂದರು. "ಅಂಕಲ್, ಚೈನಾ ಮಾಲು ತೆಗೀರಿ." ತೆಗೆದರೆ ಅಂಗಡಿಯಲ್ಲಿ ಕುರ್ಚಿ ಬಿಟ್ಟು ಏನೂ ಉಳಿಯಲ್ಲ ಅಂದೆ. ಲಾಕ್‌ಡೌನಿಗೆ ಮುಂಚೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ನಗದು ಕೊಟ್ಟು ತಂದ ಡಿಸ್‌ಪ್ಲೇ ಬಾಕ್ಸ್ ಒಂದನ್ನು ಎತ್ತಿ ರೋಡಿಗೆ ಸುರಿದರು. ವಿಡಿಯೋ ಮಾಡಿಕೊಂಡರು. ಗಾಜಿನ ಚೂರು ನಾನೇ ಗುಡಿಸಿದೆ. ಹುಡುಗರ ಮೇಲೆ ಸಿಟ್ಟು ಬರಲಿಲ್ಲ, ಅವರ ಕಣ್ಣಲ್ಲಿ ನೀರಿತ್ತು.

ಸರ್ಕಾರ ಆ ತಿಂಗಳು ಚೀನಾದ 59 ಆಪ್ ನಿಲ್ಲಿಸಿತು. ವ್ಯಾಪಾರ ನಿಲ್ಲಿಸಲಿಲ್ಲ. 2019-20ರಲ್ಲಿ ಚೀನಾದಿಂದ ಸುಮಾರು 65 ಬಿಲಿಯನ್ ಡಾಲರ್ ಮಾಲು ಬಂದಿತ್ತು, 2022-23ರಲ್ಲಿ ಅದು 98 ಬಿಲಿಯನ್ ದಾಟಿತು. ಔಷಧಿಯ ಕಚ್ಚಾ ಮಾಲು, ಸೋಲಾರ್ ಪ್ಯಾನಲ್, ಮೊಬೈಲ್ ಬಿಡಿಭಾಗ ಒಂದೇ ದಿನಕ್ಕೆ ಬೇರೆ ಕಡೆ ಸಿಗಲ್ಲ. ಜನರ ಸಿಟ್ಟಿಗೆ ತಕ್ಕಂತೆ ಅಂದೇ ಬಾಗಿಲು ಹಾಕಿದ್ದರೆ ಕೊರೊನಾ ಮಧ್ಯೆ ಆಸ್ಪತ್ರೆಗಳ ಗತಿ ಏನಾಗುತ್ತಿತ್ತು ಅಂತ ಯೋಚಿಸಿದರೆ ಭಯವಾಗುತ್ತದೆ.

ಆಗಸ್ಟ್‌ನಲ್ಲಿ ಆ ಎಂಟು ಜನರಲ್ಲಿ ಒಬ್ಬ ಅಮ್ಮನ ಜೊತೆ ಬಂದ. ಫೋನ್ ಕೈಜಾರಿ ಒಡೆದಿತ್ತು, ಆನ್‌ಲೈನ್ ಕ್ಲಾಸು ನಿಂತಿತ್ತು. ಅವನು ತಲೆ ಎತ್ತಲಿಲ್ಲ. "ಅಣ್ಣಾ, ದುಡ್ಡು ಈಗ ಪೂರ್ತಿ ಇಲ್ಲ" ಅಂದರು ಅವನಮ್ಮ. ಇದ್ದದ್ದು ಚೀನಾದ ಡಿಸ್‌ಪ್ಲೇನೇ. ಹಾಕಿಕೊಟ್ಟೆ. ಮೂರು ಕಂತಿನಲ್ಲಿ ಕೊಟ್ಟು ಮುಗಿಸಿದರು.